ನಮ್ಮ ರಿಂಕ್‌ನಲ್ಲಿ ತಿಲ್ಲಾನ

ಐವತ್ತು ದಾಟಿದ ಮೇಲೆ ನಾನು ಐಸ್ ಸ್ಕೇಟಿಂಗ್ ಕಲಿತೆ. ಮೈಸೂರಿನಲ್ಲಿ ಬೆಳೆದವಳಿಗೆ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನಲ್ಲಿ ತೇಲುವ ಚೂರು, ಅಷ್ಟೇ. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಡಾಕ್ಟರಾಗಿದ್ದೆ. ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಸಂಜೆಗಳು ಖಾಲಿಯಾದವು, ಹತ್ತಿರದ ಐಸ್ ರಿಂಕ್‌ಗೆ ಹೋಗತೊಡಗಿದೆ.

ಹೋದ ವರ್ಷ ಸಿಡ್ನಿಯಲ್ಲಿ ದೊಡ್ಡವರ ಸ್ಪರ್ಧೆಗೆ ಇಳಿದೆ. ಸಂಗೀತಕ್ಕೆ ವೀಣೆಯ ಒಂದು ತಿಲ್ಲಾನ ಆರಿಸಿಕೊಂಡಿದ್ದೆ. ಅಲ್ಲಿಯ ಐಸ್ ನಮ್ಮದಕ್ಕಿಂತ ಗಟ್ಟಿ, ಸ್ಕೇಟಿನ ಅಲಗು ಕಚ್ಚಲೇ ಇಲ್ಲ. ಹಾರಿದಲ್ಲೇ ಬಿದ್ದೆ. ಎದ್ದು ನಿಲ್ಲುವಷ್ಟರಲ್ಲಿ ವೀಣೆ ಎಲ್ಲೋ ಮುಂದೆ ಹೋಗಿತ್ತು. ನನ್ನದು ಕೊನೆಯ ಸ್ಥಾನ. ಗೆದ್ದವಳು ಸಿಡ್ನಿಯವಳೇ, ಒಬ್ಬ ಗಣಿತದ ಟೀಚರ್. ಅವಳ ಒಂದೊಂದು ತಿರುವಿಗೂ ಜನ ಚಪ್ಪಾಳೆ ತಟ್ಟಿದ್ದರು.

ಈ ವರ್ಷದ ಸ್ಪರ್ಧೆ ಮೆಲ್ಬರ್ನ್‌ಗೆ, ಅದೂ ನಾನು ಕಲಿತ ರಿಂಕ್‌ಗೇ ಬಂತು. ನನ್ನ ಗಂಡ ವಿಂಡಮ್ ವೇಲ್ ಬಡಾವಣೆಯ ಕನ್ನಡದ ಸ್ನೇಹಿತರಿಗೆಲ್ಲ ಹೇಳಿಬಿಟ್ಟಿದ್ದರು.

“ನಾನು ಬೀಳೋದನ್ನ ನೋಡೋಕೆ ಇಷ್ಟು ಜನ ಬೇಕಾ?” ಎಂದು ಸಿಡುಕಿದೆ.

“ಬಿದ್ರೂ ನಮ್ಮೋರ ಮುಂದೆ ತಾನೆ,” ಎಂದರು.

ಶಾಲು, ಮಂಕಿ ಕ್ಯಾಪ್ ಹಾಕಿಕೊಂಡು ಬಂದವರು ಎರಡು ಸಾಲು ತುಂಬಿದರು. ಅವರಲ್ಲಿ ಸಂಗೀತ ಪಾಠ ಹೇಳಿಕೊಡುವ ಒಬ್ಬ ಆಂಟಿ ಇದ್ದರು. ತಿಲ್ಲಾನ ಶುರುವಾದೊಡನೆ ಅವರು ತೊಡೆ ತಟ್ಟಿ ಆದಿತಾಳ ಹಿಡಿದರು. ಪಕ್ಕದವರು ಕೈ ಸೇರಿಸಿದರು. ಸ್ವಲ್ಪ ಹೊತ್ತಿಗೆ, ಕನ್ನಡದ ಗಂಧವಿಲ್ಲದವರೂ ತಾಳ ಹಾಕತೊಡಗಿದರು. ಆ ಸದ್ದು ನನ್ನ ಕಾಲಿಗಿಳಿಯಿತು. ಬಾಗಿಲ ಬಳಿಯ ಮೂಲೆಯಲ್ಲಿ ಐಸ್ ಯಾವಾಗಲೂ ಮೆತ್ತಗೆ, ಅಲಗು ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ತಲುಪುವ ಮೊದಲೇ ಹಾರಿದೆ. ತಾಳದ ಸಮಕ್ಕೆ ಸರಿಯಾಗಿ ಒಂಟಿ ಕಾಲಲ್ಲಿ ಇಳಿದೆ, ಬೀಳದೆ ಜಾರುತ್ತಲೇ ಸಾಗಿದೆ. ಕೊನೆಯ ಸುತ್ತಿನಲ್ಲಿ ನಗು ತಡೆಯಲಾಗಲಿಲ್ಲ.

ಚಿನ್ನದ ಪದಕ ನನಗೆ ಬಂತು. ಎರಡನೆಯವಳಾದ ಗಣಿತದ ಟೀಚರ್ ನನ್ನನ್ನು ತಬ್ಬಿಕೊಂಡು, ಇಷ್ಟು ಜನ ತನಗೆ ತಾಳ ಹಾಕಿದ್ದರೆ ತಾನೂ ಹೀಗೇ ಹಾರುತ್ತಿದ್ದೆ ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಅಂಕಗಳು ನನಗೋ, ತಾಳಕ್ಕೋ ಎಂದು ಆಂಟಿಯನ್ನೇ ಕೇಳಿದೆ.

“ನಾವು ಕೂತಲ್ಲೇ ಕೂತಿದ್ವಿ ಕಣಮ್ಮ. ಹಾರಿದ್ದು ನೀನು,” ಎಂದರು. ಆಮೇಲೆ, ಮುಂದಿನ ಸಲ ಎಲ್ಲಿ ಎಂದು ವಿಚಾರಿಸಿದರು.

ಸಿಡ್ನಿ ಎಂದೆ. ಆಂಟಿ ಕೈಗವಸು ಬಿಚ್ಚಿ, ಅಲ್ಲೇ ನಿಂತು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿರುವ ತಂಗಿಗೆ ಫೋನ್ ಹಚ್ಚಿದರು.