ಕುದಿಸಿ ಆರಿಸಿದ ನೀರು

ಗಿರಾಕಿಯ ತಪ್ಪನ್ನು ಮುಖಕ್ಕೇ ಹೇಳದಿದ್ದರೆ ಬ್ಯಾಟರಿ ಅಂಗಡಿಯವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅವತ್ತು ಬಂದವರು ಮಂಚ, ಒಲೆ ಎಲ್ಲ ಇರುವ ವ್ಯಾನಿನಲ್ಲಿ ಊರೂರು ಸುತ್ತುವ ಅಜ್ಜ, ಅಜ್ಜಿ. ಹಿಂಬದಿಯ ಬ್ಯಾಟರಿ ಕೈಕೊಟ್ಟು, ಅಜ್ಜನ ಇನ್ಸುಲಿನ್ ಇಟ್ಟಿದ್ದ ಪುಟ್ಟ ಫ್ರಿಜ್ ಬೆಚ್ಚಗಾಗುತ್ತಿತ್ತು.

"ವರ್ಷ ಆಗಿಲ್ಲ ಕಣಪ್ಪ. ತಿಂಗಳು ತಿಂಗಳೂ ನಾನೇ ನೀರು ಹಾಕಿದೀನಿ" ಎಂದರು ಅಜ್ಜಿ.

"ಯಾವ ನೀರಮ್ಮ?"

"ಕುದಿಸಿ ಆರಿಸಿದ್ದು. ಇವರಿಗೆ ಕುಡಿಯೋಕೆ ಕೊಡ್ತೀನಲ್ಲ, ಅದೇ."

ಹಾಕಬೇಕಾದದ್ದು ಲವಣವೇ ಇಲ್ಲದ ಡಿಸ್ಟಿಲ್ಡ್ ವಾಟರ್; ಎಷ್ಟು ಕುದಿಸಿದರೂ ನೀರಿನ ಲವಣ ಹೋಗುವುದಿಲ್ಲ. ಅಜ್ಜಿಯ ಅಕ್ಕರೆಯೇ ಬ್ಯಾಟರಿಯನ್ನು ಕೊಂದಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಅಜ್ಜಿ ಫ್ರಿಜ್ಜಿಗೆ ಒದ್ದೆ ಟವೆಲ್ ಸುತ್ತುತ್ತಿದ್ದರು. ಅವನು ಮಾತು ನುಂಗಿಕೊಂಡು, ನೀರು ಹಾಕುವ ಗೊಡವೆಯೇ ಇಲ್ಲದ ಹೊಸ ಬ್ಯಾಟರಿ ಕೂರಿಸಿದ. ಫ್ರಿಜ್ ಗುಂಯ್ ಎಂದಿತು.

"ಹಳೇದಕ್ಕೆ ಆಯಸ್ಸು ಅಷ್ಟೇ ಇತ್ತಮ್ಮ. ಇದು ನೀರೇ ಕೇಳಲ್ಲ. ಇನ್ಮೇಲೆ ಕುದಿಸಿದ್ದೆಲ್ಲಾ ಯಜಮಾನರಿಗೇ ಕುಡಿಸಿ."

"ಅಯ್ಯೋ, ಅಷ್ಟೂನಾ?" ಎಂದರು ಅಜ್ಜ, ವ್ಯಾನಿನೊಳಗಿಂದ.