ವಿಭೂತಿ ಹಚ್ಚಿ ಸೋರಿಕೆ ಹಿಡಿಯುವ ನಟರಾಜ್

"ಹೊಸ ಶೆಡ್ ಏಳ್ಲಿ ಕಣೋ, ಫೋರ್‌ಮನ್ ನೀನೇ."

ಅರಸೀಕೆರೆಯ ಲಾರಿ ಗ್ಯಾರೇಜಿನ ಮಾಲೀಕ ಗಂಗಾಧರಪ್ಪ ಈ ಮಾತು ಕೊಟ್ಟು ಇಪ್ಪತ್ತೆರಡು ವರ್ಷವಾಯಿತು. ಕೇಳಿಸಿಕೊಂಡ ಮೆಕ್ಯಾನಿಕ್ ನಟರಾಜ್‌ಗೆ ಆಗ ಇಪ್ಪತ್ತೇಳು, ಈಗ ನಲವತ್ತೊಂಬತ್ತು. ಶೆಡ್ ಎದ್ದಿದೆ. ಫೋರ್‌ಮನ್ ಯಾರೆಂದು ಇವತ್ತು ಸಂಜೆ ಹೇಳುತ್ತಾರಂತೆ.

ಬೆಳಗಿನ ಆರು ಗಂಟೆ. ತಮ್ಮೂರು ಗಂಡಸಿಯಿಂದ ಬೈಕಿನಲ್ಲಿ ಬಂದ ನಟರಾಜ್ ಟೀಯನ್ನೂ ಕುಡಿಯದೆ ಟಿಪ್ಪರ್ ಕೆಳಗೆ ಗೋಣಿಚೀಲ ಹಾಸಿ ಮಲಗಿದ್ದಾರೆ. ರಸ್ತೆ ಕೆಲಸಕ್ಕೆ ಬಂದ ಹೊಸ ಗಾಡಿ ಅದು. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಹಾಗೆ ಬೀಳಿಸುವ ಕೆಂಪು ಎಣ್ಣೆಯೇ ಗೇರ್‌ಬಾಕ್ಸಿನಿಂದ ಸೋರುತ್ತಿದೆ. ಇದೇ ಗ್ಯಾರೇಜಿನ, ಡಿಪ್ಲೊಮಾ ಓದಿದ ಉದಯಕುಮಾರ್ ತಳದ ತಟ್ಟೆಯ ಗ್ಯಾಸ್ಕೆಟ್ಟನ್ನು ಎರಡು ಸಲ ಬದಲಿಸಿದ್ದಾಯಿತು. ತಟ್ಟೆಯ ಮೂಲೆಯಲ್ಲಿ ಮತ್ತೆ ಹನಿ ತೂಗುತ್ತಿದೆ.

"ಹನಿ ಬೀಳೋ ಜಾಗ ಎಲ್ರಿಗೂ ಕಾಣ್ತದೆ. ಅದು ಹೊರಟಿದ್ದೆಲ್ಲಿಂದ ಅಂತ ನೋಡ್ಬೇಕು," ಎನ್ನುತ್ತಾ ನಟರಾಜ್ ಗೇರ್‌ಬಾಕ್ಸನ್ನು ಡೀಸೆಲ್‌ನಲ್ಲಿ ತೊಳೆದು ಒಣಗುವಂತೆ ಒರೆಸುತ್ತಾರೆ. ಆಮೇಲೆ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಪುಡಿ ಮಾಡಿ, ಪೈಪು ಪೈಪಿಗೂ ಜಾಯಿಂಟು ಜಾಯಿಂಟಿಗೂ ಉದುರಿಸುತ್ತಾರೆ.

ಡ್ರೈವರ್ ತಿಮ್ಮಯ್ಯ ಬಗ್ಗಿ ನೋಡಿ ನಗುತ್ತಾನೆ. "ಏನ್ಲಾ ನಟರಾಜ, ಗೇರ್‌ಬಾಕ್ಸಿಗೂ ದೀಕ್ಷೆ ಕೊಟ್ಬುಟ್ಯಾ?"

"ನಿನ್ ಹಣೆಗಿಂತ ಇದ್ಕೇ ಉಪಯೋಗ ಜಾಸ್ತಿ. ತೆಗಿ ಗಾಡಿ."

ಬೌದ್ಧರಾದ ನಟರಾಜ್ ಮನೆಯಲ್ಲಿ ವಿಭೂತಿ ಇಡುವುದಿಲ್ಲ. ರಿಪೇರಿಯಾದ ಪ್ರತಿ ಇಂಜಿನ್ನಿಗೂ ಅದನ್ನು ಬಳಿಯುವುದು ಗಂಗಾಧರಪ್ಪನವರ ಪದ್ಧತಿ. ಒಂದು ಸೋಮವಾರ ಆ ಬಿಳುಪಿನ ನಡುವೆ ಎಣ್ಣೆ ಗೆರೆ ಎಳೆದಿತ್ತು. "ಅವ್ರು ದೇವ್ರು ಅಂತ ಹಚ್ಚಿದ್ರು. ನಂಗೆ ಎಣ್ಣೆ ಬಂದ ದಾರಿ ಕಾಣ್ತು," ಎನ್ನುತ್ತಾರೆ ನಟರಾಜ್. ಅವತ್ತಿನಿಂದ ಅದೇ ಅವರ ವಿದ್ಯೆ.

ದಿನಕ್ಕೆ ಐದಾರು ಲಾರಿ, ಒಂದೊಂದರ ಕೆಳಗೂ ಒಂದೊಂದು ಗಂಟೆ. ಸಿಮೆಂಟ್ ನೆಲದ ಮೇಲೆ ಇನ್ನು ಮಲಗಿದರೆ ಬೆನ್ನು ಕೈಕೊಡುತ್ತದೆಂದು ಹಾಸನದ ಡಾಕ್ಟರು ಹೇಳಿ ಕಳಿಸಿದ್ದಾರೆ. "ಫೋರ್‌ಮನ್ ಆದ್ರೆ ನಿಂತ್ಕಂಡು ಮಾಡೋ ಕೆಲ್ಸ. ಇಲ್ದಿದ್ರೆ ಇವ್ರನ್ನ ನಾನೇ ಎತ್ತಿ ಕೂರುಸ್ಬೇಕು," ಎನ್ನುತ್ತಾರೆ ಹೆಂಡತಿ ಯಶೋಧರಾ. ತಮಾಷೆ ಮಾಡುತ್ತಿಲ್ಲ.

ಜಲ್ಲಿ ತುಂಬಿದ ಟಿಪ್ಪರ್ ಹಳೇಬೀಡು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿ ಬರುತ್ತದೆ. ನಟರಾಜ್ ಟಾರ್ಚ್ ಹಿಡಿದು ಮತ್ತೆ ಒಳಗೆ ಸರಿಯುತ್ತಾರೆ. ಗ್ಯಾಸ್ಕೆಟ್ ಸುತ್ತ ವಿಭೂತಿ ಹಾಗೇ ಒಣಗಿ ಕೂತಿದೆ. ಮುಂದುಗಡೆ, ಎಣ್ಣೆ ತಂಪು ಮಾಡುವ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ. ನಿಂತ ಗಾಡಿಯಲ್ಲಿ ಅದು ಸೋರುವುದೇ ಇಲ್ಲ. ಭಾರ ಎಳೆದು ಎಣ್ಣೆ ಕಾದು ಒತ್ತಡ ಏರಿದಾಗ ಜಿನುಗುತ್ತದೆ. ಪೈಪಿನ ಗುಂಟ ಇಳಿದು, ಗಾಳಿಗೆ ಹಿಂದಕ್ಕೆ ಸರಿದು ತಟ್ಟೆಯ ಮೂಲೆಯಲ್ಲಿ ಹನಿಯಾಗುತ್ತದೆ. ಪೈಪು ಬದಲಿಸಿ ಇನ್ನೊಂದು ಸುತ್ತು ಓಡಿಸುತ್ತಾರೆ. ಹನಿ ಇಲ್ಲ.

ಸಂಜೆ ಗಂಗಾಧರಪ್ಪನವರ ಮಗ ಶಶಿಕಿರಣ್ ವರದಿ ಬರೆಯುತ್ತಾರೆ. ದೋಷ ಪತ್ತೆ ಮಾಡಿದವರು ಎಂಬಲ್ಲಿ ಉದಯಕುಮಾರ್ ಸಹಿ. ಉದಯಕುಮಾರ್ ಶಶಿಕಿರಣ್‌ಗೆ ಬಾಮೈದ.

"ಫೋರ್‌ಮನ್ ಕೆಲ್ಸಕ್ಕೆ ಸರ್ಟಿಫಿಕೇಟ್ ಇರೋರೇ ಬೇಕು ನಟರಾಜ್, ಬೇಜಾರ್ ಮಾಡ್ಕೋಬೇಡಿ," ಎನ್ನುತ್ತಾರೆ ಶಶಿಕಿರಣ್.

ನಟರಾಜ್ ಗಂಗಾಧರಪ್ಪನವರತ್ತ ನೋಡುತ್ತಾರೆ. "ಈಗೆಲ್ಲ ಹುಡುಗ್ರ ಕೈಲೈತೆ ಕಣೋ," ಎಂದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಒರೆಸುವುದು ಮುಗಿಯುವುದೇ ಇಲ್ಲ.

"ಗಾಡಿ ಸೋರ್ತಿಲ್ಲ. ಯಾರ್ ಮಾಡಿದ್ದು ಅಂತ ಸಹಿ ಹಾಕ್ದೋರಿಗೂ ಗೊತ್ತೈತೆ," ಎನ್ನುತ್ತಾ ನಟರಾಜ್ ಸೋಪಿನ ಪುಡಿಯಲ್ಲಿ ಕೈ ಉಜ್ಜುತ್ತಾರೆ. ನಾಳೆ ಬೆಳಿಗ್ಗೆಗೆ ಇನ್ನೆರಡು ಲಾರಿ ಕಾಯುತ್ತಿವೆ.

ಫೋರ್‌ಮನ್ ಆದವರು ಉದಯಕುಮಾರ್. ಗಂಗಾಧರಪ್ಪ ಕೊಟ್ಟ ಮಾತು ನಡೆಸಿಕೊಡಲಿಲ್ಲ.