ಸಾಮಾನ್ಯ ಸದಸ್ಯ ಬೇಕಾಗಿದ್ದಾನೆ

ನನಗೆ ಅಧ್ಯಕ್ಷನಾಗುವ ಚಪಲವಿತ್ತು. ಗಲ್ಫಿನ ಅಬ್ಕೈಕ್‌ನ ಎಣ್ಣೆ ಸ್ಥಾವರದಲ್ಲಿ ದಿನವಿಡೀ ಪೈಪುಗಳ ಒತ್ತಡ ನೋಡುವವನನ್ನು ಯಾರು ‘ಅಧ್ಯಕ್ಷರೇ’ ಎಂದು ಕರೆಯುತ್ತಾರೆ ಹೇಳಿ? ಹಾಗಾಗಿ ದಮ್ಮಾಮಿನ ನಮ್ಮೂರವರ ಸಹಾಯ ಸಂಘ ಇಲ್ಲೊಂದು ಘಟಕ ತೆರೆಯಲು ಒಪ್ಪಿದ ಕೂಡಲೇ ನಾನು ಕೈಯೆತ್ತಿಬಿಟ್ಟೆ.

ಉಳಿದವರು ಸುಮ್ಮನಿರುತ್ತಾರೆಯೇ? ಮೊದಲ ಸಭೆಗೆ ಬಂದು ಬಿರಿಯಾನಿ ಉಂಡವರನ್ನು ಬರಿಗೈಯಲ್ಲಿ ಕಳಿಸಲು ನಮಗೆ ದಾಕ್ಷಿಣ್ಯ. ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ, ಮಿಕ್ಕವರೆಲ್ಲ ಉಪಾಧ್ಯಕ್ಷರು. ಆ ಬಿರಿಯಾನಿ ಬೇಯಿಸಿದ ಕ್ಯಾಂಪಿನ ಹಿರಿಯ ಅಡುಗೆಯವರು ಮೋನಾಕ ಗೌರವಾಧ್ಯಕ್ಷರು! ಸಂಘದ ಬೈಲಾ ಓದಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಕೊನೆಗೆ ಅದನ್ನು ಓದಿಸಿದ್ದು ಮೋನಾಕರ ಕಾಲು. ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡ ಅವರನ್ನು ಊರಿಗೆ ಕಳಿಸಬೇಕು, ಜೊತೆಗೊಬ್ಬರು ಹೋಗಲೇಬೇಕು ಎಂದರು ಡಾಕ್ಟರು. ಅಂಥ ಏರ್ಪಾಡಿಗೇ ಅಲ್ಲವೇ ಸಂಘವಿರುವುದು? ಸಹಾಯದ ಠರಾವು ಪಾಸು ಮಾಡಿ, ಗತ್ತಿನಿಂದ ದಮ್ಮಾಮಿನ ಪ್ರಧಾನ ಕಾರ್ಯದರ್ಶಿಗೆ ಫೋನು ಮಾಡಿದೆ.

“ಠರಾವು ಮಂಡಿಸಿದ್ದು ಯಾರು?” ಎಂದರು.

“ಉಪಾಧ್ಯಕ್ಷರು.”

“ಆಗ್ಲಿಕ್ಕಿಲ್ಲ ಮಾರಾಯ್ರೆ. ಸಹಾಯದ ಠರಾವನ್ನು ಪದಾಧಿಕಾರಿ ಅಲ್ಲದ ಸದಸ್ಯನೇ ಮಂಡಿಸ್ಬೇಕು, ಬೈಲಾದಲ್ಲಿ ಉಂಟು. ಸದಸ್ಯರೇ ಇಲ್ಲದ್ದು ಎಂತ ಘಟಕ ನಿಮ್ದು?”

“ಇದೊಂದು ಸಲ ಬಿಟ್ಟುಬಿಡಿ.”

“ನಿಯಮ ಸಡಿಲ ಮಾಡ್ಲಿಕ್ಕೆ ನಂಗೂ ಅಧಿಕಾರ ಇಲ್ಲ, ನಿಮ್ಗೂ ಇಲ್ಲ. ಅದೂ ಬೈಲಾದಲ್ಲೇ ಉಂಟು.”

ಮೈಯೆಲ್ಲ ಉರಿಯಿತು. ಆದರೆ ಯೋಚಿಸಿದರೆ, ಹುದ್ದೆಗಳನ್ನು ಹೀಗೆ ತಮ್ಮತಮ್ಮಲ್ಲೇ ಹಂಚಿಕೊಂಡವರು ಸಹಾಯವನ್ನೂ ಹಾಗೇ ಹಂಚಿಕೊಂಡಾರು ಎಂಬ ಅನುಮಾನ ನಿಯಮ ಬರೆದ ಪುಣ್ಯಾತ್ಮನಿಗೆ ಬಂದಿದ್ದರಲ್ಲಿ ತಪ್ಪೇನು? ಅವನು ನಮ್ಮ ಕಡೆಯವನೇ ಇರಬೇಕು.

ಮೋನಾಕರ ಮಂಚದ ಸುತ್ತಲೇ ತುರ್ತು ಸಭೆ ಸೇರಿತು. ಯಾರಾದರೂ ಒಬ್ಬರು ಹುದ್ದೆ ಬಿಡಿ ಎಂದೆ. ಉಪಾಧ್ಯಕ್ಷ ಲತೀಫ್ ತಲೆ ಕೆರೆದುಕೊಂಡ. “ಊರಲ್ಲಿ ಮಾವನಿಗೆ ಹೇಳಿ ಆಗಿದೆ, ಇನ್ನು ಹೇಗೆ?” ಇನ್ನೊಬ್ಬ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ್ದ. ಉಳಿದವರು ಫ್ಯಾನು ನೋಡಿದರು.

“ನಾನೇ ಬಿಡ್ತೇನೆ ಮಕ್ಕಳೇ,” ಎಂದರು ಮೋನಾಕ ನರಳುತ್ತಾ. ಆದರೆ ತನ್ನ ಸಹಾಯವನ್ನು ತಾನೇ ಮಂಡಿಸುವಂತಿಲ್ಲ.

ಆ ದನಿ ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ರಾಜೀನಾಮೆ ಕೊಟ್ಟೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಠರಾವು ಮಂಡಿಸಿದೆ, ಎಲ್ಲರೂ ಕೈಯೆತ್ತಿದರು. ಠರಾವು ಪಾಸಾದ ಮೇಲೂ ಕೈಗಳು ಇಳಿಯಲಿಲ್ಲ; ಅವು ಈಗ ನನ್ನ ಖಾಲಿ ಕುರ್ಚಿಗಾಗಿ ಎದ್ದಿದ್ದವು.

ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಮೋನಾಕರ ಗಾಲಿಕುರ್ಚಿಯ ಸುತ್ತ, ಅವರ ಜೊತೆ ಹೊರಟಿದ್ದ ಖಜಾಂಚಿಯೂ ಸೇರಿ ಪದಾಧಿಕಾರಿಗಳೆಲ್ಲ ಸಾಲಾಗಿ ನಿಂತರು. ಫೋಟೋ ತೆಗೆಯಲು ಒಬ್ಬರು ಬೇಕಿತ್ತು. ಸಾಮಾನ್ಯ ಸದಸ್ಯನ ಕೈಗೆ ಫೋನು ಬಂತು. ಹಾಗಾಗಿ ಘಟಕದ ಏಕೈಕ ಚಿತ್ರದಲ್ಲಿ ನಾನಿಲ್ಲ. ಹೊಸ ಅಧ್ಯಕ್ಷ ಲತೀಫ್ ಎದೆಯುಬ್ಬಿಸಿ ಎಲ್ಲೋ ದೂರ ನೋಡುತ್ತಿದ್ದಾನೆ. ಮೋನಾಕ ಒಬ್ಬರು ಮಾತ್ರ ನೆಟ್ಟಗೆ ನನ್ನನ್ನೇ ನೋಡಿ ನಗುತ್ತಿದ್ದಾರೆ.